41 ಮಕ್ಕಳು ಉಂಡ ದಿನ 55 ಅಂತ ಬರೆ ಎಂದು ಹೆದರಿಸಿದರೆ ವಿಶ್ವಾಸಿ ಏನು ಮಾಡಬೇಕು?

ಅತಿಥಿ ಶಿಕ್ಷಕಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಊರು, ಶಾಲೆ, ಯಾರ ಹೆಸರನ್ನೂ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ.

ಒಂದು ಸರಕಾರಿ ಶಾಲೆಯಲ್ಲಿ ಮೂರು ವರ್ಷದಿಂದ ಅತಿಥಿ ಶಿಕ್ಷಕಿಯಾಗಿದ್ದೇನೆ. ಈ ಜೂನ್‌ನಿಂದ ಬಿಸಿಯೂಟದ ವಹಿ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ದಾಖಲಾತಿ 58. ಊಟಕ್ಕೆ ಕೂರುವವರು ನಲವತ್ತರ ಆಚೀಚೆ. ಕಳೆದ ತಿಂಗಳು ಒಂದು ದಿನ 41 ಮಕ್ಕಳು ಉಂಡಿದ್ದರು, 41 ಅಂತಲೇ ಬರೆದೆ. ಸಂಜೆ ಊರಿನ ಮುಖಂಡರೊಬ್ಬರು ಬಂದು ವಹಿ ತೆಗೆಸಿ ನೋಡಿ, "ಇದನ್ನ 55 ಮಾಡು. ಇನ್ನು ಮೇಲೆ ಒಂದಿನಾನೂ 55ಕ್ಕೆ ಕಡಿಮೆ ಬರಕೂಡದು" ಅಂದರು. ಹೆಚ್ಚುವರಿ ಅಕ್ಕಿ, ಬೇಳೆ, ಎಣ್ಣೆ ಯಾವ ಮನೆಗೆ ಹೋಗುತ್ತದೆ ಅಂತ ಊರಿಗೇ ಗೊತ್ತು. ನಾನು ಸುಮ್ಮನೆ ನಿಂತಿದ್ದೆ. ಆಗ ದನಿ ತಗ್ಗಿಸಿ ಹೇಳಿದರು: "ಮುಂದಿನ ವರ್ಷ ನಿನ್ನ ತಗೋಬೇಕೋ ಬೇಡವೋ ಅನ್ನೋದು ನನ್ನ ಕೈಲಿದೆ. ಭಾನುವಾರ ಸಂಜೆ ನಿಮ್ಮನೇಲಿ ಹತ್ತು ಹನ್ನೆರಡು ಜನ ಸೇರ್ತಾರಂತಲ್ಲ? ಮತಾಂತರ ಅಂತ ನಾನೊಂದು ಫೋನ್ ಮಾಡಿದ್ರೆ ಸಾಕು. ದೊಡ್ಡೋರ ಮಾತು ಕೇಳಿ ಅಂತ ನಿಮ್ಮ ಬೈಬಲ್ಲೇ ಹೇಳುತ್ತಲ್ಲಮ್ಮ."

ಮುಖ್ಯ ಶಿಕ್ಷಕರು ಪಕ್ಕದಲ್ಲೇ ಇದ್ದರು. ಕಿಟಕಿಯ ಕಡೆ ತಿರುಗಿಕೊಂಡರು.

ಆ ದಿನ ತಿದ್ದಲಿಲ್ಲ. ಆದರೆ ಮಾರನೇ ದಿನದಿಂದ ಪೆನ್ನು ಹಿಡಿದರೆ ಕೈ ನಡುಗುತ್ತದೆ. ಮಗಳು ಈ ವರ್ಷ ಎರಡನೇ ಪಿಯುಸಿ, ಯಜಮಾನರಿಗೆ ಟೆಂಪೋ ಬಾಡಿಗೆ ಸಿಕ್ಕರುಂಟು ಇಲ್ಲದಿದ್ದರಿಲ್ಲ. ನನಗಾಗಿ ಆದರೆ ಹೇಗೋ, ಭಾನುವಾರ ನಂಬಿ ನಮ್ಮ ಮನೆಗೆ ಬರುವ ಆ ಹನ್ನೆರಡು ಜನಕ್ಕೆ ನನ್ನಿಂದ ತೊಂದರೆಯಾದರೆ? ರೋಮಾಪುರದವರಿಗೆ 13 ಓದಿ ಓದಿ ಗೊಂದಲ ಹೆಚ್ಚಾಯಿತು. ಹಿರಿಯರು ದಾರಿ ಹೇಳಿ.

ಶಾಂತಿ ಬಯಸುವವನು, ತುಮಕೂರು

ಸಿಸ್ಟರ್, ನಿಮ್ಮ ಕಷ್ಟ ಅರ್ಥವಾಗುತ್ತದೆ, ನಾನೂ ಕೈಕೆಳಗಿನ ನೌಕರನೇ. ಅಧಿಕಾರಕ್ಕೆ ಅಧೀನರಾಗಿರಬೇಕು, ಅಧಿಕಾರವೆಲ್ಲ ದೇವರಿಂದ ನೇಮಕವಾದದ್ದು ಅಂತ ಪೌಲ ಸ್ಪಷ್ಟವಾಗಿ ಬರೆದಿದ್ದಾನೆ. ಪೇತ್ರನಂತೂ ವಕ್ರ ಸ್ವಭಾವದ ಯಜಮಾನರಿಗೂ ಅಧೀನರಾಗಿರಿ ಎನ್ನುತ್ತಾನೆ. ನೀವು ಬರೀ ಲೇಖನಿ, ಬರೆಸುವವರು ಬೇರೆ. ಪಾಪ ಬರೆಸಿದವರ ತಲೆಗೆ. ಆ ಚಿಕ್ಕ ಕೂಟವನ್ನು ಕಾಪಾಡುವುದು ದೊಡ್ಡದಲ್ಲವೇ? ಹದಿನಾಲ್ಕು ಊಟದ ಲೆಕ್ಕಕ್ಕಾಗಿ ಪ್ರಾರ್ಥನೆಯ ಬಾಗಿಲನ್ನೇ ಮುಚ್ಚಿಸಿಕೊಳ್ಳಬೇಡಿ.

ಹುಬ್ಬಳ್ಳಿ ಅಜ್ಜ

ತಂಗಿ, ನಿನ್ನ ಮಾತು ಎರಡು ಸಲ ಓದಿದೆ. ನಿನ್ನ ಹೆದರಿಸಿದ ಮನಷ್ಯಾ ಹೊಸಬ ಅಲ್ಲ. ಯೆಶಾಯ 36 ತಗದು ನೋಡು, ಅಲ್ಲಿ ನಿಂತಾನ.

ಕ್ರಿ.ಪೂ. 701ರ ಸುದ್ದಿ ಅದು. ಅಶ್ಶೂರದ ಅರಸ ಸನ್ಹೇರೀಬ ಯೂದಾಯದ 46 ಕೋಟೆ ಊರು ಹಿಡದಾನ. ಈ 46 ಅನ್ನೋ ಲೆಕ್ಕ ಬೈಬಲ್ಲಿನದಲ್ಲ, ಅವನೇ ಬರಿಸಿದ ಮಣ್ಣಿನ ಶಾಸನದಾಗ ಐತಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಾಗ ಇಟ್ಟಾರ. ಯೂದಾಯದ ಅರಸ ಹಿಜ್ಕೀಯನ್ನ ಪಂಜರದೊಳಗಿನ ಹಕ್ಕಿ ಹಂಗ ಯೆರೂಸಲೇಮಿನಾಗ ಕೂಡಿ ಹಾಕಿದೆ ಅಂತ ಅದರಾಗ ಕೊಚ್ಚಿಕೊಂಡಾನ. ಲಾಕೀಷ್ ಪಟ್ಟಣದ ಮುತ್ತಿಗಿ ಹಾಕಿದ್ದನ್ನ ತನ್ನ ಅರಮನಿ ಗ್ವಾಡಿಮ್ಯಾಲೆ ಕಲ್ಲಾಗ ಕೆತ್ತಿಸ್ಯಾನ. ಅಂಥಾವನು ಕಳಿಸಿದ ಅಧಿಕಾರಿ ರಬ್ಷಾಕೆ.

ಅವ ಹೆಂಗ ಹೆದರಿಸ್ತಾನ ಅಂಬೋದು ನೋಡು. ಮೊದಲ "ಯಾರನ್ನ ನಂಬಿ ಕುಂತೀರಿ?" ಅಂತಾನ. ಐಗುಪ್ತ ಮುರಿದ ಜಂಬಿನ ಕೋಲು, ಊರಿದವನ ಕೈಗೇ ಚುಚ್ಚತದ ಅಂತಾನ. ಇದು ಖರೇನ ಇತ್ತು! ಹೆದರಿಸೋ ಮಂದಿ ಬರೇ ಸುಳ್ಳು ಹೇಳೂದಿಲ್ಲ, ನಮಗ ಗೊತ್ತಿದ್ದ ಖರೇದಾಗ ಒಂದು ಹಿಡಿ ಕಲಸಿ ಕೊಡ್ತಾರ. ನಿನ್ನ ಕೆಲಸ ಕಾಯಂ ಅಲ್ಲ ಅನ್ನೂದು ಖರೆ, ಅದಕ್ಕ ಅದನ್ನ ಮೊದಲ ಹೇಳ್ಯಾನ. ಆಮ್ಯಾಲೆ ರಬ್ಷಾಕೆ, 2000 ಕುದುರಿ ಕೊಡ್ತೀನಿ, ಹತ್ತಾಕ ಮಂದಿ ಅದಾರೇನು ಅಂತ ಹಂಗಿಸ್ತಾನ. ಕಡೀಗೆ ಏನಂತಾನ ಗೊತ್ತೇನು? ನಿಮ್ಮ ಯೆಹೋವನೇ ನನ್ನ ಕಳಿಸ್ಯಾನ ಅಂತಾನ. ನಿನ್ನ ಮುಂದ ಬೈಬಲ್ ಹೆಸರು ಹೇಳಿದ್ನಲ್ಲ, ಅದ ಮಾತು. ಹಿಜ್ಕೀಯನ ಮಂದಿ "ಅರಾಮ್ ಭಾಷಾದಾಗ ಮಾತಾಡಪಾ, ಗ್ವಾಡಿಮ್ಯಾಲಿನ ಜನಾ ಕೇಳ್ತಾರ" ಅಂತ ಕೇಳಿಕೊಂಡ್ರು. ಅವ ದನಿ ಏರಿಸಿ ಯೂದಾಯರ ಭಾಷಾದಾಗನ ಒದರಿದ. ಅರಸಗಿಂತ ಅರಸನ್ನ ನಂಬಿದವ್ರನ್ನ ಹೆದರಿಸೂದು ಅವಗ ಬೇಕಾಗಿತ್ತು. ನಿನ್ನ ಹನ್ನೆರಡು ಜನರ ಮಾತು ಅವ ಯಾಕ ತಗದ ಅಂತ ಈಗ ತಿಳೀತಲ್ಲ?

ಈಗ ಹಿಜ್ಕೀಯ ಏನು ಮಾಡಿದ? ಒಂದು ಮಾತು ಬಹಳ ಮಂದಿ ಬಿಟ್ಟು ಓದ್ತಾರ. ಎರಡನೇ ಅರಸುಗಳು 18ರಾಗ ಐತಿ. ಮೊದಲ ಹಿಜ್ಕೀಯ ಹೆದರಿದ. "ತಪ್ಪಾತು, ಎಷ್ಟು ಹೊರಿಸ್ತಿ ಹೊರಿಸು" ಅಂತ ಹೇಳಿ ಕಳಿಸಿದ. 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ. ತಲಾಂತು ಅಂದ್ರ ಆಗಿನ ಕಾಲದ ತೂಕ. ದೇವಾಲಯದ ಬಾಗಿಲಿಗೆ ಹೊದಿಸಿದ್ದ ಬಂಗಾರಾನೂ ಕಿತ್ತು ಕೊಟ್ಟ. ಕೊಟ್ಟ ಮ್ಯಾಲೂ ದಂಡು ಬಂತು ತಂಗಿ. ನೀ 55 ಬರದರ ನಾಳೆ 58 ಅಂತಾರ.

ಇನ್ನೊಂದು ನನಗ ಭಾಳ ಹಿಡಿಸಿದ್ದು. ರಬ್ಷಾಕೆ ಬಂದು ನಿಂತ ಜಾಗಾ ಅಗಸರ ಹೊಲದ ದಾರ್ಯಾಗ, ಮ್ಯಾಲಿನ ಕೆರಿ ಕಾಲವಿ ಹತ್ರ. ಯೆಶಾಯ 7ಕ್ಕ ಹೋಗು. ಅದೇ ಜಾಗಾದಾಗ ಹಿಜ್ಕೀಯನ ಅಪ್ಪ ಆಹಾಜಗ ಪ್ರವಾದಿ ಯೆಶಾಯ "ಹೆದರಬ್ಯಾಡ" ಅಂತ ಹೇಳಿದ್ದ. ಆಹಾಜ ಕೇಳಲಿಲ್ಲ, ಅಶ್ಶೂರದ ಅರಸನ್ನ ಸಹಾಯಕ್ಕ ಕರದ. ಅಪ್ಪ ಕರದ ಅಶ್ಶೂರ ಮಗನ ಬಾಗಿಲಿಗೆ ಬಂತು.

ಎರಡನೇ ಸಲ ಹಿಜ್ಕೀಯ ಬ್ಯಾರೆ ದಾರಿ ಹಿಡದ. ಗ್ವಾಡಿಮ್ಯಾಲಿನವ್ರಿಗೆ "ಉತ್ತರ ಕೊಡಬ್ಯಾಡ್ರಿ" ಅಂದ. ಬೆದರಿಕಿ ಪತ್ರ ಬಂದಾಗ ಅದನ್ನ ಒಯ್ದು ಯೆಹೋವನ ಮುಂದ ಹಾಸಿದ. ಪತ್ರಾನ ಹಾಸಿದ, ನೋಡು. ಸುಂದರ ಮಾತು ಹುಡುಕಲಿಲ್ಲ, "ಇದನ್ನ ಓದು" ಅಂದ. ಮತ್ತ ಯೆಶಾಯಗ ಹೇಳಿ ಕಳಿಸಿದ, ಒಬ್ಬನ ಇಟ್ಟುಕೊಂಡು ಕೂಡಲಿಲ್ಲ.

ನೀನೂ ಅವನ ಜೋಡಿ ವಾದಕ್ಕ ಇಳೀಬ್ಯಾಡ. ವಹಿ ಪುಟದ ಝೆರಾಕ್ಸ್ ತಗದು ಭಾನುವಾರ ಎಲ್ಲಾರ ನಡುವ ಹಾಸಿ ಪ್ರಾರ್ಥನಾ ಮಾಡ್ರಿ. ಅವ್ರಿಗೆ ಎಲ್ಲಾ ಹೇಳು. ಅವರ ಜೀವದ ಮಾತು, ಅವ್ರಿಗೆ ಗೊತ್ತಿರಬೇಕು.

ಶಾಂತಿ ಬಯಸುವವನು, ತುಮಕೂರು

ಅಜ್ಜಾ, ಗೌರವದಿಂದಲೇ ಕೇಳುತ್ತೇನೆ. ಹಿಜ್ಕೀಯ ಅರಸ. ಅವನಿಗೆ ಕೋಟೆಯಿತ್ತು, ನೀರು ಒಳಕ್ಕೆ ತರುವ ಸುರಂಗವಿತ್ತು, ಪ್ರವಾದಿಯಿದ್ದ. ಈಕೆಗೆ ಏನಿದೆ? ಮಾರ್ಚ್ ಮುಗಿದರೆ ಕೆಲಸವೇ ಇಲ್ಲ. ಇನ್ನೊಬ್ಬರ ಮನೆ ಒಲೆಯ ವಿಷಯದಲ್ಲಿ ಧೈರ್ಯ ಹೇಳುವುದು ಸುಲಭ. ರೋಮಾ 13ಕ್ಕೆ ಏನು ಹೇಳುತ್ತೀರಿ?

ದೇವಶಾಸ್ತ್ರದ ವಿದ್ಯಾರ್ಥಿನಿ, ಬೆಂಗಳೂರು

ಅಣ್ಣಾ, ಅರಸರು ಬೇಡ ಅಂದರೆ ಸೂಲಗಿತ್ತಿಯರಿದ್ದಾರೆ. ವಿಮೋಚನಕಾಂಡ 1. ಗಂಡು ಕೂಸು ಹುಟ್ಟಿದರೆ ಕೊಲ್ಲಿ ಅಂತ ಫರೋಹ ಅಪ್ಪಣೆ ಮಾಡಿದ. ಶಿಪ್ರಾ ಮತ್ತು ಪೂಗಾ ದೇವರಿಗೆ ಹೆದರಿ ಕೂಸುಗಳನ್ನು ಉಳಿಸಿದರು. ಅವರಿಗೆ ಕೋಟೆಯಿರಲಿಲ್ಲ, ದಾಸ್ಯದಲ್ಲಿದ್ದ ಜನರ ಹೆಂಗಸರು. ಆ ಫರೋಹನ ಸ್ವಂತ ಹೆಸರು ಏನೆಂದು ಆ ಪುಸ್ತಕ ಎಲ್ಲೂ ಹೇಳುವುದಿಲ್ಲ, ಈ ಇಬ್ಬರ ಹೆಸರನ್ನು ಮಾತ್ರ ಬರೆದಿಟ್ಟಿದೆ. ಮೊದಲ ಸಲ ಇದನ್ನು ಗಮನಿಸಿದ ದಿನ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ.

ಇನ್ನು ರೋಮಾ 13. ಅಲ್ಲಿ ಅಧಿಕಾರಿಯನ್ನು ದೇವರ ಸೇವಕ ಎಂದು ಕರೆದು, "ನಿನ್ನ ಹಿತಕ್ಕಾಗಿ" ಅಂತಲೂ ಪೌಲ ಸೇರಿಸುತ್ತಾನೆ. ಸೇವಕನಿಗೆ ಮೇಲೊಬ್ಬ ಯಜಮಾನನಿದ್ದಾನೆ ಅಂತಲೇ ಅದರ ಅರ್ಥ. ಪಿಲಾತ "ನಿನ್ನನ್ನು ಬಿಡಿಸುವ ಅಧಿಕಾರವೂ ನನಗುಂಟು, ಶಿಲುಬೆಗೆ ಹಾಕಿಸುವ ಅಧಿಕಾರವೂ ಉಂಟು" ಅಂದಾಗ ಯೇಸು ಅವನ ಅಧಿಕಾರ ಸುಳ್ಳು ಅನ್ನಲಿಲ್ಲ, ಮೇಲಿನಿಂದ ಕೊಡದಿದ್ದರೆ ನಿನಗೆ ಅದು ಇರುತ್ತಿರಲಿಲ್ಲ ಅಂದರು. ಪೇತ್ರ, ಯೋಹಾನರು ಹಿರೀಸಭೆಯ ಮುಂದೆ ನಿಂತು, ದೇವರ ಮಾತಿಗಿಂತ ನಿಮ್ಮ ಮಾತನ್ನು ಹೆಚ್ಚಾಗಿ ಕೇಳುವುದು ಸರಿಯೋ ನೀವೇ ತೀರ್ಪು ಮಾಡಿ ಎಂದರು. ಬೈಗುಳವಿಲ್ಲ, ಓಡಿಹೋಗುವುದೂ ಇಲ್ಲ. ವಕ್ರ ಯಜಮಾನರಿಗೂ ಅಧೀನರಾಗಿರಿ ಅಂತ ಬರೆದ ಪೇತ್ರನೇ ಈ ಪೇತ್ರ.

ಅದಕ್ಕಿಂತ ಸರಳವಾದ ಮಾತು ಒಂದಿದೆ. ಈ ವಹಿಯ ವಿಷಯದಲ್ಲಿ ನಿಜವಾದ ಅಧಿಕಾರ ಯಾವುದು? ಇಲಾಖೆ. ಇಲಾಖೆಯ ನಿಯಮ ಏನು? ಉಂಡ ಮಕ್ಕಳ ಲೆಕ್ಕ ಬರೆಯಬೇಕು. ಹಾಗಾದರೆ ರೋಮಾ 13ಕ್ಕೆ ವಿಧೇಯಳಾಗುವುದು ಅಂದರೆ 41 ಅಂತ ಬರೆಯುವುದೇ. ಅಲ್ಲಿ ದಂಗೆ ಎದ್ದಿರುವವರು ಅಕ್ಕ ಅಲ್ಲ.

ಕಲಬುರಗಿ ವಕೀಲ

ಕೊನೆಯ ಮಾತು ಕಾನೂನಿಗೂ ಸರಿ ಹೊಂದುತ್ತದೆ. ಅಕ್ಕಾವರೆ, ಸಹಿ ನಿಮ್ಮದಾದರೆ ಸುಳ್ಳು ದಾಖಲೆ ಬರೆದ ಹೊಣೆಯೂ ನಿಮ್ಮ ಮೇಲೇ ಬರುತ್ತದೆ. ತನಿಖೆ ಬಂದ ದಿನ ಬಾಯಿಮಾತಿನಲ್ಲಿ ಹೇಳಿದವರು ಯಾರೂ ಸಿಗುವುದಿಲ್ಲ. "ನಾನು ಬರೀ ಲೇಖನಿ" ಅನ್ನುವುದು ಯಾವ ಕೋರ್ಟಿನಲ್ಲೂ ನಡೆಯದು.

ನಾಳೆಯಿಂದ ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಿರಿ. 41ನ್ನು ತಿದ್ದಬಹುದು, "ನಲವತ್ತೊಂದು" ಅಂತ ಬರೆದದ್ದನ್ನು ಐವತ್ತೈದು ಮಾಡುವುದು ಕಷ್ಟ. ಪ್ರತಿದಿನ ಪುಟದ ಫೋಟೋ ತೆಗೆದಿಡಿ. ದಾಸ್ತಾನು ವಹಿಯಲ್ಲಿ ಅಂದು ತೂಗಿ ಕೊಟ್ಟ ಅಕ್ಕಿ ಬೇಳೆಯೂ ಅದೇ ಸಂಖ್ಯೆಗೆ ಹೊಂದಬೇಕು, ಇಲ್ಲವಾದರೆ ತಪ್ಪು ನಿಮ್ಮ ಮೇಲೆ ತಿರುಗುತ್ತದೆ. ಮುಖ್ಯ ಶಿಕ್ಷಕರಿಗೆ ಎರಡು ಸಾಲಿನ ಪತ್ರ ಕೊಡಿ: "ದಿನವೂ ಊಟ ಮಾಡಿದ ಮಕ್ಕಳ ನೈಜ ಸಂಖ್ಯೆಯನ್ನೇ ನಮೂದಿಸುತ್ತಿದ್ದೇನೆ, ತಮ್ಮ ಗಮನಕ್ಕೆ." ದೂರು ಬೇಡ, ಯಾರ ಹೆಸರೂ ಬೇಡ. ನಕಲು ಪ್ರತಿಯ ಮೇಲೆ ಸ್ವೀಕೃತಿ ಸಹಿ, ಮೊಹರು ತಗೊಳ್ಳಿ. ಒತ್ತಡ ಮುಂದುವರಿದರೆ ತಾಲ್ಲೂಕು ಪಂಚಾಯತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಅದರದೇ ಪ್ರತಿ.

ಭಾನುವಾರದ ವಿಷಯ. ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಎಲ್ಲರಿಗೂ ಧರ್ಮ ಆಚರಿಸುವ ಹಕ್ಕು ಕೊಟ್ಟಿದೆ. ನಿಮ್ಮ ಮನೆಯಲ್ಲಿ ನಿಮ್ಮ ಜನ ಕೂತು ಪ್ರಾರ್ಥಿಸುವುದು ಅಪರಾಧವಲ್ಲ. ಸಾಕ್ಷಿಯಾಗಿ ವಿಚಾರಿಸಬೇಕಿದ್ದರೂ ಹೆಂಗಸರನ್ನು ಅವರ ಮನೆಯಲ್ಲೇ ವಿಚಾರಿಸಬೇಕು, ಠಾಣೆಗೆ ಬಾ ಅನ್ನುವಂತಿಲ್ಲ. ಮೊದಲು ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 160ರಲ್ಲಿದ್ದ ಈ ಮಾತು ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ 179ರಲ್ಲಿದೆ. ನಿಮ್ಮ ಜಿಲ್ಲೆಯ ಒಬ್ಬ ವಕೀಲರ ನಂಬರು ಆ ಹನ್ನೆರಡೂ ಮನೆಯಲ್ಲಿ ಬರೆದಿಡಿ.

ಹಕ್ಕು ಕೇಳುವುದು ವಿಶ್ವಾಸದ ಕೊರತೆ ಅಂತ ಕೆಲವು ಸಭೆಗಳಲ್ಲಿ ಹೇಳುವುದನ್ನು ಕೇಳಿ ನನಗೆ ಸಂಕಟವಾಗಿದೆ. ಫಿಲಿಪ್ಪಿಯಲ್ಲಿ ಪೌಲ ಸೀಲರನ್ನು ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ್ದರು. ಮಧ್ಯರಾತ್ರಿ ಹಾಡಿದ ಪೌಲನೇ ಬೆಳಗ್ಗೆ, ನಾವು ರೋಮ್ ಪೌರರು, ಗುಟ್ಟಾಗಿ ಕಳಿಸುವುದು ಬೇಡ, ಅಧಿಕಾರಿಗಳೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ. ಹೆದರಿದ್ದು ಆಗ ಅಧಿಕಾರಿಗಳು. ಪೌಲ ಹಟ ಹಿಡಿದದ್ದು ಆ ಊರಿನಲ್ಲಿ ಉಳಿಯಲಿದ್ದ ಪುಟ್ಟ ಸಭೆಗಾಗಿ ಅಂತ ನಾನು ಓದಿಕೊಳ್ಳುತ್ತೇನೆ.

ಶಾಲೆಯದೇ ಒಂದು ಪ್ರಕರಣ ಹೇಳಿ ಮುಗಿಸುತ್ತೇನೆ. 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಿದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬಿಜೋ ಇಮ್ಯಾನ್ಯುಯೆಲ್ ಪ್ರಕರಣದಲ್ಲಿ ಅವರನ್ನು ವಾಪಸು ಸೇರಿಸಿಕೊಳ್ಳಿ ಎಂದಿತು. ಆ ಪಂಗಡದ ಬೋಧನೆ ನಾನು ಒಪ್ಪುವುದಿಲ್ಲ. ಮಕ್ಕಳು ನಿಂತ ರೀತಿ ಮಾತ್ರ ಮರೆಯಲಾರೆ. ಎದ್ದು ನಿಂತರು, ಬಾಯಿ ತೆರೆಯಲಿಲ್ಲ.

ನಿವೃತ್ತ ಗುಮಾಸ್ತ

ಇಲ್ಲಿ ಓದುತ್ತಿರುತ್ತೇನೆ, ಬರೆಯುವುದು ಕಡಿಮೆ. ಇವತ್ತು ಬರೆಯದಿದ್ದರೆ ತಪ್ಪಾಗುತ್ತದೆ.

1994ರಲ್ಲಿ ನಾನು ಸಹಿ ಹಾಕಿದೆ. ಕಚೇರಿ ಯಾವುದು ಅಂತ ಬೇಡ. ಬರದೇ ಇದ್ದ ಸಾಮಾನು ಬಂದಿದೆ ಅಂತ ಬರೆಯಬೇಕಿತ್ತು. ಸಾಹೇಬರು ಕೂಗಾಡಲೂ ಇಲ್ಲ, ಕನ್ನಡಕ ಒರೆಸಿಕೊಳ್ಳುತ್ತಾ "ಮನೇಲಿ ಎಲ್ಲಾ ಚೆನ್ನಾಗಿದ್ದಾರೇನಪ್ಪ?" ಅಂದರು. ಅಷ್ಟಕ್ಕೇ ಬೆನ್ನು ಬೆವೆತು ಸಹಿ ಹಾಕಿದೆ. ಯಾರೂ ಕೇಳಲಿಲ್ಲ, ಯಾವ ತನಿಖೆಯೂ ಬರಲಿಲ್ಲ, ಬಡ್ತಿಯೂ ಸಿಕ್ಕಿತು. ಭಾನುವಾರ ಸಭೆಯಲ್ಲಿ ಪಾಠ ಓದಲು ನನ್ನನ್ನೇ ಕರೆಯುತ್ತಿದ್ದರು. ಹೋಗಿ ಓದುತ್ತಿದ್ದೆ. ಹನ್ನೊಂದು ವರ್ಷ ಯಾರಿಗೂ ಹೇಳಲಿಲ್ಲ.

ತುಮಕೂರಿನ ಬ್ರದರ್, ನೀವು ಹೇಳಿದ್ದನ್ನೇ ನಾನೂ ನನಗೆ ಹೇಳಿಕೊಂಡಿದ್ದೆ. ಲೇಖನಿ ನಾನು, ಪಾಪ ಅವರದು. ರಾತ್ರಿ ಹೊತ್ತು ಆ ಮಾತು ಕೆಲಸಕ್ಕೆ ಬರುವುದಿಲ್ಲ.

ಯೋಹಾನನ ಸುವಾರ್ತೆಯಲ್ಲಿ ಕೆಂಡದ ಬೆಂಕಿ ಎರಡು ಕಡೆ ಬರುತ್ತದೆ. ಮೊದಲನೆಯದು ಮಹಾಯಾಜಕನ ಅಂಗಳದಲ್ಲಿ, ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ "ನಾನು ಅವನವನಲ್ಲ" ಅಂದ ಜಾಗ. ಅವನನ್ನು ಮೊದಲು ಹೆದರಿಸಿದ್ದು ಸೈನಿಕನಲ್ಲ, ಬಾಗಿಲು ಕಾಯುವ ಹುಡುಗಿ. ಎರಡನೆಯದು ಸಮುದ್ರದ ದಡದಲ್ಲಿ, ಮೀನು ಸುಡುತ್ತಾ ಯೇಸು ಕಾದಿದ್ದ ಜಾಗ. ಅಲ್ಲಿ ಮೂರು ಸಲ ಕೇಳಿದರು, ಮೂರು ಸಲ ಅವನ ಕೈಗೆ ಕುರಿಗಳನ್ನು ಒಪ್ಪಿಸಿದರು. ಅದನ್ನು ಓದಿದ ರಾತ್ರಿ ನನ್ನ ಹೆಂಡತಿಗೆ ಎಲ್ಲ ಹೇಳಿದೆ.

ತಾಯೀ, ನೀನು ಮೊದಲ ದಿನವೇ ತಿದ್ದಲಿಲ್ಲ. ನಾನು ಮಾಡಲಾಗದ್ದನ್ನು ನೀನು ಮಾಡಿದ್ದೀಯ. ಒಂದು ವೇಳೆ ಯಾವತ್ತಾದರೂ ಕೈ ಸೋತು ಬರೆದುಬಿಟ್ಟರೆ ಹನ್ನೊಂದು ವರ್ಷ ಕಾಯಬೇಡ. ಅವತ್ತೇ ಯಾರಿಗಾದರೂ ಹೇಳು.

ಮಂಗಳೂರಿನ ಕಥೋಲಿಕ

ಗುಮಾಸ್ತರೆ, ನಿಮ್ಮ ಮಾತು ಓದಿ ಕಣ್ಣು ತುಂಬಿತು.

ಶಿಕ್ಷಕಿಯವರು ಮಗಳ ಮಾತು ಎತ್ತಿದ್ದಾರಲ್ಲ, ಅದಕ್ಕೆ ಫ್ರಾನ್ಸ್ ಯೆಗರ್‌ಸ್ಟೆಟರ್ ನೆನಪಾದರು. ಆಸ್ಟ್ರಿಯಾದ ಸಣ್ಣ ಹಳ್ಳಿಯ ರೈತ, ತಮ್ಮ ಚರ್ಚಿನಲ್ಲಿ ಗಂಟೆ ಬಾರಿಸುವ, ಪೂಜೆಗೆ ಸಿದ್ಧತೆ ಮಾಡುವ ಕೆಲಸ ನೋಡಿಕೊಳ್ಳುತ್ತಿದ್ದವರು. ಹಿಟ್ಲರನ ಸೈನ್ಯದಲ್ಲಿ ಕಾದಲಾರೆ ಅಂದರು. ಊರಿನವರು ಮಾತ್ರವಲ್ಲ, ಬಿಷಪರೂ "ಮೂರು ಹೆಣ್ಣುಮಕ್ಕಳಿದ್ದಾರೆ, ಯೋಚಿಸು" ಎಂಬ ಅರ್ಥದಲ್ಲೇ ಬುದ್ಧಿ ಹೇಳಿದರು. 1943ರ ಆಗಸ್ಟ್ 9ರಂದು ತಲೆ ಕಡಿದರು. ಹೆಂಡತಿ ಫ್ರಾನ್ಸಿಸ್ಕಾ ಅವರ ಪಕ್ಕ ನಿಂತರು, ಆಮೇಲೆ ಊರಿನವರ ಕೊಂಕುಮಾತನ್ನು ವರ್ಷಗಟ್ಟಲೆ ಸಹಿಸಿದರು. 2007ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಸಾರಿದಾಗ ಆ ಅಜ್ಜಿ ಅಲ್ಲೇ ಕೂತಿದ್ದರು. 64 ವರ್ಷ ಕಾದಿದ್ದರು.

ಇದನ್ನು ಹೇಳುವುದಕ್ಕೆ ಕಾರಣ ಉಂಟು. ನಮ್ಮ ಸಾಕ್ಷಿಕೂಟಗಳಲ್ಲಿ ಎಲ್ಲ ಕಥೆಯೂ ಬಿಡುಗಡೆಯಲ್ಲೇ ಮುಗಿಯುತ್ತದೆ. ಬಿಡುಗಡೆ ಆಗದವರು ಮೈಕ್ ಹಿಡಿಯುವುದಿಲ್ಲ. ಫಾದರ್ ಸ್ಟ್ಯಾನ್ ಸ್ವಾಮಿ 1975ರಿಂದ ಹನ್ನೊಂದು ವರ್ಷ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದರು. 2020ರ ಅಕ್ಟೋಬರಿನಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿ ಬಂಧನವಾಯಿತು, ಆರೋಪಗಳನ್ನು ಅವರು ನಿರಾಕರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಗೆ ಕೈ ನಡುಗಿ ಲೋಟ ಹಿಡಿಯಲಾಗದೆ ಸ್ಟ್ರಾ ಕೇಳಬೇಕಾಯಿತು. ಜಾಮೀನು ಅರ್ಜಿ ಇನ್ನೂ ಇತ್ಯರ್ಥವಾಗದಿರುವಾಗ 2021ರ ಜುಲೈ 5ರಂದು ತೀರಿಕೊಂಡರು. ಪ್ರಾರ್ಥಿಸಿದವರು ಸಾವಿರಾರು ಜನ. ಬಾಗಿಲು ತೆರೆಯಲಿಲ್ಲ.

ದಾನಿಯೇಲನ ಮೂವರು ಗೆಳೆಯರು ಅರಸನಿಗೆ ಕೊಟ್ಟ ಉತ್ತರದಲ್ಲಿ ನನಗೆ ಬೇಕಾದ ಮಾತು ಒಂದೇ. ನಮ್ಮ ದೇವರು ನಮ್ಮನ್ನು ಬೆಂಕಿಯಿಂದ ಬಿಡಿಸಬಲ್ಲ, ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡ ಬೀಳುವುದಿಲ್ಲ. ಆ "ಬಿಡಿಸದಿದ್ದರೂ" ಎಂಬುದನ್ನು ಮೊದಲೇ ಹೇಳಿಕೊಂಡರೆ ಹೆದರಿಸುವವನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಕೆಲಸ ಹೋಗಬಹುದು ಶಿಕ್ಷಕಿಯವರೆ. ಹಾಗೆ ಆದರೆ ನಾವು ಇಷ್ಟು ಜನ ಓದಿ ಸುಮ್ಮನೆ ಎದ್ದು ಹೋಗಬಾರದು. ಮಗಳ ಮುಂದಿನ ವರ್ಷದ ಫೀಸಿನಲ್ಲಿ ಒಂದು ಪಾಲು ನಾನು ಕೊಡುತ್ತೇನೆ, ಇಲ್ಲೇ ಎಲ್ಲರ ಎದುರು ಹೇಳಿಟ್ಟಿದ್ದೇನೆ.

ಶಾಂತಿ ಬಯಸುವವನು, ತುಮಕೂರು

ಗುಮಾಸ್ತ ಅಂಕಲ್ ಬರೆದದ್ದನ್ನು ಮನೆಯಾಕೆಗೆ ಓದಿ ಹೇಳಿದೆ. ನಾನು ಮೊದಲು ಬರೆದ ಮಾತನ್ನು ಹಿಂದಕ್ಕೆ ತಗೊಳ್ಳುತ್ತೇನೆ. ಹೆದರಿಕೆಗೆ ವಚನದ ಅಂಗಿ ತೊಡಿಸಿದ್ದೆ. ಫೀಸಿನಲ್ಲಿ ನನ್ನದೂ ಒಂದು ಪಾಲಿರಲಿ. ಭಾನುವಾರ ನಿಮ್ಮ ಮನೆಗೆ ಬಂದು ಕೂರಬಹುದಾ ಸಿಸ್ಟರ್? ಬಸ್ಸಿಗೆ ಮೂರು ಗಂಟೆ ಆಗಬಹುದು, ಅಷ್ಟೇ.

ಅತಿಥಿ ಶಿಕ್ಷಕಿ

ಹದಿನಾರು ದಿನ ಬರೆಯಲಾಗಲಿಲ್ಲ, ಕ್ಷಮಿಸಿ.

ಅಜ್ಜ ಹೇಳಿದ ಹಾಗೆ ವಹಿಯ ಝೆರಾಕ್ಸನ್ನು ಚಾಪೆಯ ಮೇಲೆ ಹಾಸಿ ಎಲ್ಲರಿಗೂ ವಿಷಯ ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೂಟದ ಹಿರಿಯಮ್ಮ ಒಬ್ಬರು ಆ ಕಾಗದದ ಮೇಲೆ ಕೈಯಿಟ್ಟು "ಕರ್ತನೇ, ಇದನ್ನ ಓದು" ಅಂತ ಅಷ್ಟೇ ಪ್ರಾರ್ಥಿಸಿದರು. ಅವರಿಗೆ ಓದು ಬರಹ ಬರುವುದಿಲ್ಲ. ಮುಂದಿನ ಭಾನುವಾರ ಬಂದವರು ಏಳೇ ಜನ. ಬಾರದವರ ಮೇಲೆ ನನಗೆ ಬೇಸರವಿಲ್ಲ, ಅವರಿಗೂ ಮಕ್ಕಳಿದ್ದಾರೆ. ತುಮಕೂರಿನ ಅಣ್ಣ ಅತ್ತಿಗೆಯನ್ನೂ ಕರೆದುಕೊಂಡು ಬಂದಿದ್ದರು, ಹಾಗಾಗಿ ಒಂಬತ್ತಾಯಿತು.

ಪತ್ರ ಕೊಟ್ಟೆ. ಮುಖ್ಯ ಶಿಕ್ಷಕರು ಎರಡು ಸಲ ಓದಿದರು. ನನ್ನ ಮುಖ ನೋಡದೆ ಮೊಹರು ಒತ್ತಿ, ಸಹಿ ಹಾಕಿ, ನಕಲನ್ನು ವಾಪಸು ಕೊಟ್ಟರು. ಅವರ ಕೈಯೂ ನಡುಗುತ್ತಿತ್ತು. ಇಷ್ಟು ದಿನ ಹೆದರಿದ್ದು ನಾನೊಬ್ಬಳೇ ಅಂದುಕೊಂಡಿದ್ದೆ.

ಮುಖಂಡರು ಮತ್ತೆ ಬಂದರು. ಜೋರು ಮಾತಾಡಿದರು, ಆಡಬಾರದ್ದೂ ಆಡಿದರು. ನಾನು "ಸರ್, ಎಷ್ಟು ಮಕ್ಕಳು ಉಂಡರೋ ಅಷ್ಟೇ ಬರೆಯುತ್ತೇನೆ" ಅಂತ ಒಂದೇ ಮಾತು ಹೇಳಿದೆ. ಮತ್ತೆ ಕೇಳಿದಾಗ ಅದನ್ನೇ ಹೇಳಿದೆ. ಉಳಿದದ್ದಕ್ಕೆ ಉತ್ತರ ಕೊಡಲಿಲ್ಲ. ಏಪ್ರಿಲ್ ನಂತರ ನಾನಿರುವುದಿಲ್ಲ ಅಂತ ಹೇಳಿ ಹೋದರು, ಅದು ನಿಜವೇ ಆಗಬಹುದು. ಫೋನ್ ಮಾಡಿದರೋ ಇಲ್ಲವೋ ತಿಳಿಯದು, ಇದುವರೆಗೆ ಮನೆಗೆ ಯಾರೂ ಬಂದಿಲ್ಲ. ವಕೀಲ ಸರ್ ಹೇಳಿದ ಹಾಗೆ ನಂಬರು ಗೋಡೆಗೆ ಅಂಟಿಸಿದ್ದೇನೆ. ರಾತ್ರಿ ಗಾಡಿ ಸದ್ದಾದರೆ ಈಗಲೂ ಎದ್ದು ಕೂರುತ್ತೇನೆ.

ಇವತ್ತು ಮಧ್ಯಾಹ್ನ ಬಿಸಿಯೂಟದ ಅಡುಗೆಯಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ನಮ್ಮ ಕೂಟದವರಲ್ಲ, ಇದರ ಬಗ್ಗೆ ಇದುವರೆಗೆ ಒಂದು ಮಾತೂ ಆಡಿದವರಲ್ಲ. "ಟೀಚರ್, ಇವತ್ತು ತಟ್ಟೆ ನಾನೇ ಎಣಿಸ್ದೆ. 43" ಅಂದರು. ಅವರ ಎದುರಿಗೇ ಬರೆದೆ. 43. ನಲವತ್ತಮೂರು.